‘ಯಾವ ಕಡೆ ಅಂತ ಮೊದಲು ಹೇಳಿ’

ಪ್ರಶ್ನೆ: ನನಗೆ 29 ವರ್ಷ. ಮೂರು ವರ್ಷ ಒಬ್ಬ ಹುಡುಗಿಯನ್ನು ಪ್ರೀತಿಸಿದ್ದೆ. ಈಗ ಒಬ್ಬ ಹುಡುಗನ ಜೊತೆ ಇದ್ದೇನೆ. ಹಳೆಯ ಗೆಳತಿಯರು, ‘ಆಗಿನದೆಲ್ಲ ಬರೀ ನಾಟಕ ಅಲ್ವಾ?’ ಅನ್ನುತ್ತಾರೆ. ಇವನ ಸ್ನೇಹಿತರು, ‘ಹುಷಾರು, ಇವಳನ್ನು ನಂಬೋಕಾಗಲ್ಲ’ ಅಂತ ನಗುತ್ತಾರೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಆಪ್ತ ಸಮಾಲೋಚಕರ ಹತ್ತಿರ ಹೋದರೆ, ‘ಯಾವ ಕಡೆ ಅಂತ ಮೊದಲು ತೀರ್ಮಾನ ಮಾಡಿ’ ಅಂದರು. ನನಗೇನಾದರೂ ಕಾಯಿಲೆಯೇ?

ಉತ್ತರ: ಖಂಡಿತ ಅಲ್ಲ. ಆ ಸಮಾಲೋಚಕರ ಮಾತು ಓದಿ ನನಗೆ ಸಿಟ್ಟೇ ಬಂತು. ಅಮೆರಿಕದ ಲೈಂಗಿಕತೆ ಸಂಶೋಧಕ ಆಲ್‌ಫ್ರೆಡ್ ಕಿನ್ಸಿ 1948ರಲ್ಲೇ ಆಕರ್ಷಣೆಯನ್ನು 0ಯಿಂದ 6ರವರೆಗಿನ ಅಳತೆಯಲ್ಲಿ ಇಟ್ಟು ತೋರಿಸಿದ್ದರು. 0 ಅಂದರೆ ಬೇರೆ ಲಿಂಗದವರತ್ತ ಮಾತ್ರ, 6 ಅಂದರೆ ತಮ್ಮದೇ ಲಿಂಗದವರತ್ತ ಮಾತ್ರ. ಈ ಎರಡು ತುದಿಗಳ ನಡುವೆಯೂ ಜನ ಇದ್ದಾರೆ. ನೀವು ಬೈಸೆಕ್ಷುಯಲ್, ಅಂದರೆ ಗಂಡು ಹೆಣ್ಣು ಇಬ್ಬರತ್ತಲೂ ಆಕರ್ಷಣೆ ಇರುವವರು, ಅನ್ನುವುದೇ ಒಂದು ಪೂರ್ತಿ ಉತ್ತರ. ಹುಡುಗನ ಜೊತೆ ಇದ್ದ ಮಾತ್ರಕ್ಕೆ ಹಳೆಯ ಪ್ರೀತಿ ಸುಳ್ಳಾಗುವುದಿಲ್ಲ.

ಬೈಸೆಕ್ಷುಯಲ್ ಜನರಲ್ಲಿ ಆತಂಕ, ಖಿನ್ನತೆ ಜಾಸ್ತಿ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದಕ್ಕೆ ಆಕರ್ಷಣೆಯನ್ನು ದೂರಬೇಡಿ. ಇತ್ತಲಿಂದಲೂ ಅತ್ತಲಿಂದಲೂ ಬೀಳುವ ಚುಚ್ಚುಮಾತು ಸಾಲದೇ? ತಮಾಷೆಗೆ ಅಂದದ್ದು ಅಂತ ಸುಮ್ನೆ ನುಂಗಿಕೊಂಡರೂ ರಾತ್ರಿ ಮೂರಕ್ಕೆ ಅದೇ ಎಬ್ಬಿಸುತ್ತದೆ.

ಸಮಾಲೋಚಕರನ್ನು ಬದಲಿಸಿ. ಹೊಸಬರಿಗೆ ಫೋನ್‌ನಲ್ಲೇ ಕೇಳಿ: ‘ಬೈಸೆಕ್ಷುಯಲ್ ಇರುವವರ ಜೊತೆ ಕೆಲಸ ಮಾಡಿದ್ದೀರಾ?’ ತಡವರಿಸಿದರೆ ಬೇರೆಯವರನ್ನು ನೋಡಿ. ಎರಡು ವಾರವಾದರೂ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರ ಹತ್ತಿರ ಹೋಗಿ. ಬದುಕೇ ಬೇಡ ಅನ್ನಿಸಿದರೆ ಮಾತ್ರ ಅಷ್ಟು ದಿನ ಕಾಯಬೇಡಿ, ಅವತ್ತೇ ಹೋಗಿ.

ಒಂದು ವಿಷಯ ನೀವು ಬರೆದೇ ಇಲ್ಲ. ಸ್ನೇಹಿತರು ಹಾಗೆ ನಗುವಾಗ ನಿಮ್ಮ ಹುಡುಗ ಏನು ಮಾಡುತ್ತಾನೆ?