ಓದುಗರ ಪ್ರಶ್ನೆ: ರಜೆಯಲ್ಲಿ ತಿನಿಸಿನ ಅಂಗಡಿ ಹೊಕ್ಕಾಗ

ರಜೆಗೆ ಹೋದ ಊರಲ್ಲಿ ದೇವಸ್ಥಾನ, ಬೆಟ್ಟ ಮುಗಿದ ಮೇಲೆ ಎಲ್ಲರೂ ನುಗ್ಗುವುದು ತಿನಿಸಿನ ಅಂಗಡಿಗೆ. ಚೀಸ್, ಚಾಕೊಲೇಟ್, ಜೇನು, ಎಣ್ಣೆ ಎಲ್ಲವೂ ಗಾಜಿನ ಕಪಾಟಿನಲ್ಲಿ ಚೆನ್ನಾಗಿಯೇ ಕಾಣುತ್ತವೆ. ಯಾವುದನ್ನು ಅಲ್ಲೇ ತಿಂದು ಮುಗಿಸಬೇಕು, ಯಾವುದು ಮನೆ ತನಕ ಬಾಳುತ್ತದೆ ಎಂಬುದೇ ಈ ಸಲದ ಪತ್ರಗಳ ತಿರುಳು.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಕುಟುಂಬ. ಇಟಲಿಗೆ ಗುಂಪು ಪ್ರವಾಸ ಹೊರಟಿದ್ದೇವೆ, ಅಲ್ಲಿ ಚೀಸ್ ಅಂಗಡಿಗೂ ಕರೆದೊಯ್ಯುತ್ತಾರಂತೆ. ಚೀಸ್ ಹಾಲಿನದೇ ತಾನೆ, ನೋಡಬೇಕಾದ್ದು ಏನಾದರೂ ಇದೆಯೆ? (ಚಿಕ್ಕಬಳ್ಳಾಪುರ)

ಹಾಲಿನದೇ. ತೊಡಕಿರುವುದು ಹಾಲು ಒಡೆಯಲು ಹಾಕುವ ವಸ್ತುವಿನಲ್ಲಿ. ಪನೀರಿಗೆ ನಾವು ನಿಂಬೆರಸ ಹಿಂಡುತ್ತೇವೆ. ಅಲ್ಲಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಕುವುದು ರೆನೆಟ್, ಅಂದರೆ ಹಾಲು ಕುಡಿಯುವ ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ. ಪಾರ್ಮಿಜಾನೊ ರೆಜ್ಜಾನೊ ಎಂಬ ಹೆಸರು ಹಾಕಬೇಕಾದರೆ ಕರುವಿನ ರೆನೆಟ್ಟನ್ನೇ ಬಳಸಬೇಕೆಂಬುದು ನಿಯಮ. ಗ್ರಾನಾ ಪದಾನೊ ಕೂಡ ಅದೇ ದಾರಿ, ಜೊತೆಗೆ ಅದರ ಲೇಬಲ್ಲಿನಲ್ಲಿ ‘ಲಿಸೊಜಿಮಾ’ ಎಂದಿದ್ದರೆ ಅದು ಮೊಟ್ಟೆಯಿಂದ ಬಂದದ್ದು. ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್. ನಮ್ಮ ಪೊಟ್ಟಣಗಳ ಮೇಲಿನ ಹಸಿರು ಚುಕ್ಕಿ ಯುರೋಪಿನಲ್ಲಿ ಇಲ್ಲ. ಹಾಗಾಗಿ ಕೇಳದೆ ಗತಿಯಿಲ್ಲ.

ಅಂಗಡಿಯವರನ್ನು ‘ಕಾಲ್ಯೊ ವೆಜೆತಾಲೆ?’ ಎಂದು ಕೇಳಿ, ಗಿಡಮೂಲದ ರೆನೆಟ್ಟೇ ಎಂದು ಅರ್ಥ. ‘ಮಿಕ್ರೊಬಿಕೊ’ ಎಂದರೆ ಸೂಕ್ಷ್ಮಜೀವಿಯಿಂದ ತೆಗೆದದ್ದು, ಅದೂ ಆಗುತ್ತದೆ. ಬರೀ ‘ಕಾಲ್ಯೊ’ ಎಂದು ಬರೆದಿದ್ದರೆ ಪ್ರಾಣಿಯದೇ ಎಂದುಕೊಂಡು ಮುಂದೆ ಸಾಗಿ. ಕೇಳಲು ಸಂಕೋಚವಾದರೆ ಮಸ್ಕರ್ಪೋನೆ ಕೊಳ್ಳಿ. ಕೆನೆಯನ್ನು ಸಿಟ್ರಿಕ್ ಅಥವಾ ಟಾರ್ಟಾರಿಕ್ ಆಮ್ಲದಿಂದ ಗಟ್ಟಿ ಮಾಡುವ ಇದಕ್ಕೆ ರೆನೆಟ್ ಬೇಕಿಲ್ಲ. ರಿಕೊಟ್ಟಾ ಮಾತ್ರ ಮೋಸಗೊಳಿಸುತ್ತದೆ: ಅದಕ್ಕೆ ರೆನೆಟ್ ಹಾಕದಿದ್ದರೂ, ರೆನೆಟ್ ಹಾಕಿ ಮಾಡಿದ ಬೇರೆ ಚೀಸಿನ ತಿಳಿಯಿಂದ ಅದು ತಯಾರಾಗಿರಬಹುದು. ನಿಮ್ಮ ಗುಂಪು ಪೋರ್ಚುಗಲ್ ಕಡೆಗೂ ಹೋಗುವುದಾದರೆ ಸೆರಾ ದ ಎಸ್ತ್ರೇಲಾ ಹುಡುಕಿ. ಕುರಿ ಹಾಲನ್ನು ಒಂದು ಬಗೆಯ ಮುಳ್ಳುಗಿಡದ ಹೂವಿನಿಂದ ಒಡೆದು ಮಾಡುವ ಹಳೆಯ ಚೀಸ್ ಅದು.

ಇನ್ನು ಬೆಲೆ. ಇಟಲಿಯ ಅಂಗಡಿಗಳಲ್ಲಿ ದರಪಟ್ಟಿ ಎಷ್ಟೋ ಕಡೆ ಕಿಲೋಗೆ ಇರುವುದಿಲ್ಲ, ‘ಎತ್ತೊ’ಗೆ ಇರುತ್ತದೆ. ಒಂದು ಎತ್ತೊ ಎಂದರೆ 100 ಗ್ರಾಂ. 3 ಯೂರೋ ಎಂದು ಕಂಡದ್ದನ್ನು ಕಿಲೋ ಬೆಲೆ ಅಂದುಕೊಂಡು ಒಂದು ಕಿಲೋ ಕಟ್ಟಿಸಿದರೆ ಬಿಲ್ಲಿನಲ್ಲಿ 30 ಯೂರೋ ಬರುತ್ತದೆ. ನಾಲ್ಕು ಜನಕ್ಕೆ ಒಂದು ಹೊತ್ತಿಗೆ ಎರಡು ಎತ್ತೊ ಧಾರಾಳ. ಬ್ರೆಡ್ಡು, ಟೊಮೆಟೊ ಜೊತೆಗಿದ್ದರೆ ಅದೂ ಉಳಿಯುತ್ತದೆ.

ಊರಿಗೆ ತರುವ ಆಸೆಯಿದ್ದರೆ ಗಟ್ಟಿ ಚೀಸನ್ನೇ ಆರಿಸಿ ‘ಸೊತ್ತೊವುವೊತೊ’ ಎನ್ನಿ, ಗಾಳಿ ತೆಗೆದು ಸೀಲ್ ಮಾಡಿಕೊಡುತ್ತಾರೆ. ಹಾಲಿನ ಉತ್ಪನ್ನ ತರುವ ನಿಯಮವನ್ನು ಹೊರಡುವ ಮುಂಚೆಯೇ ನೋಡಿಕೊಂಡಿರಿ. ಮನೆಗೆ ಬಂದ ಮೇಲೆ ಸೀಲ್ ಬಿಚ್ಚಿ ಬಟರ್ ಪೇಪರ್‌ನಲ್ಲಿ ಸುತ್ತಿ, ಡಬ್ಬದಲ್ಲಿಟ್ಟು, ಫ್ರಿಜ್ಜಿನ ತರಕಾರಿ ಖಾನೆಗೆ ಹಾಕಿ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಬೆವರಿ ಬೂಷ್ಟು ಹಿಡಿಯುತ್ತದೆ. ಹಳೆಯ ಗಟ್ಟಿ ಚೀಸಿನೊಳಗೆ ಕರಕರ ಎನ್ನುವ ಬಿಳಿ ಹರಳು ಸಿಕ್ಕರೆ ಗಾಬರಿ ಬೇಡ, ಅದು ಟೈರೊಸಿನ್ ಎಂಬ ಅಮೈನೊ ಆಮ್ಲ, ಚೆನ್ನಾಗಿ ಮಾಗಿದ್ದರ ಗುರುತು. ಮೇಲೆ ಬೂಷ್ಟು ಬಂದಿದ್ದರೆ ಸುತ್ತ ಒಂದು ಇಂಚು ಕತ್ತರಿಸಿ ತೆಗೆದು ಉಳಿದದ್ದನ್ನು ತಿನ್ನಬಹುದು. ಮೆತ್ತನೆಯ ಚೀಸಿಗೆ ಈ ಲೆಕ್ಕ ಹಿಡಿಸುವುದಿಲ್ಲ, ಪೂರ್ತಿ ಎಸೆಯಬೇಕು.

ಪ್ರಶ್ನೆ: ರುಚಿ ನೋಡಿ ಏನೂ ಕೊಳ್ಳದೆ ಬಂದರೆ ತಪ್ಪೇ? (ಗೌರಿಬಿದನೂರು)

ತಪ್ಪಲ್ಲ. ಎರಡು ಮೂರು ಬಗೆ ನೋಡಿ ಬೇಡ ಎನ್ನಬಹುದು. ಎಂಟು ಬಗೆ ತೆಗೆಸಿ, ಹಿಂದೆ ಸಾಲು ಬೆಳೆಸಿ, ಕೈಬೀಸಿ ಹೊರಟರೆ ಮಾತ್ರ ಮುಖ ಕೆಡಿಸಿಕೊಳ್ಳುತ್ತಾರೆ. ನೀವಾಗಿ ಮುಟ್ಟಬೇಡಿ, ಅವರು ಕೊಟ್ಟದ್ದನ್ನು ತಿನ್ನಿ.

ಪ್ರಶ್ನೆ: ಮೇ ತಿಂಗಳಲ್ಲಿ ಕಾರಿನಲ್ಲಿ ಊಟಿಗೆ ಹೋಗುತ್ತಿದ್ದೇವೆ. ತಂದ ಚಾಕೊಲೇಟ್ ಪ್ರತಿ ಸಲ ಕೋಲಾರ ತಲುಪುವಷ್ಟರಲ್ಲಿ ಅಂಟಾಗುತ್ತದೆ, ಇಲ್ಲವೆ ಬೆಳ್ಳಗೆ ಪುಡಿ ಹಿಡಿಯುತ್ತದೆ. ಏನು ಮಾಡಬೇಕು? (ಕೋಲಾರ)

ಮೊದಲು, ಕೊಂಡದ್ದು ಏನು ಎಂದು ತಿಳಿಯಿರಿ. ಟ್ರೇಯಲ್ಲಿ ಹರವಿ ತೂಕಕ್ಕೆ ಮಾರುವ ‘ಹೋಮ್‌ಮೇಡ್’ ಚಾಕೊಲೇಟಿನಲ್ಲಿ ಬಹಳಷ್ಟು ಕಾಂಪೌಂಡ್, ಅಂದರೆ ಕೊಕೊ ಬಟರ್ ಬದಲು ಹೈಡ್ರೊಜನೀಕರಿಸಿದ ಸಸ್ಯದ ಕೊಬ್ಬು ಹಾಕಿದ್ದು. ಲೇಬಲ್ ಇದ್ದರೆ ಪದಾರ್ಥಗಳ ಪಟ್ಟಿ ಓದಿ, ಇಲ್ಲದಿದ್ದರೆ ಒಂದು ತುಂಡು ಮುರಿದು ನೋಡಿ. ಒಳ್ಳೆಯದು ‘ಟಕ್’ ಎಂದು ಮುರಿಯುತ್ತದೆ, ನಾಲಗೆಯ ಮೇಲೆ ತಾನೇ ಕರಗಿ ನೀರಾಗುತ್ತದೆ. ಕಾಂಪೌಂಡ್ ಅಂಗುಳಕ್ಕೆ ಮೇಣದಂತೆ ಅಂಟಿ ಕೂರುತ್ತದೆ. ಕಾಂಪೌಂಡ್ ಬಿಸಿಲಿಗೆ ಸ್ವಲ್ಪ ಹೆಚ್ಚು ತಡೆಯುತ್ತದೆ ಎಂಬುದು ನಿಜ. ಆದರೆ ದುಡ್ಡು ಚಾಕೊಲೇಟಿನದು ಕೊಟ್ಟು ವನಸ್ಪತಿ ಯಾಕೆ ತರಬೇಕು?

ಕೊಕೊ ಬಟರ್ 34 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಮೇ ತಿಂಗಳ ಮಧ್ಯಾಹ್ನ ಕೋಲಾರದ ನೆರಳೇ ಅಷ್ಟಿರುತ್ತದೆ, ಊಟಕ್ಕೆ ನಿಲ್ಲಿಸಿದ ಕಾರಿನ ಡಿಕ್ಕಿಯಂತೂ ಕೇಳುವುದೇ ಬೇಡ. ಕರಗಿ ಮತ್ತೆ ಗಟ್ಟಿಯಾದಾಗ ಕೊಬ್ಬು ಮೇಲೆ ಬಂದು ಬಿಳಿ ಪದರವಾಗುತ್ತದೆ. ಬೆರಳಾಡಿಸಿದರೆ ಜಿಡ್ಡಾಗಿ ಅಳಿಸಿಹೋದರೆ ಅದು ಇದೇ. ಒರಟಾಗಿ ಮರಳಿನಂತಿದ್ದರೆ ಫ್ರಿಜ್ಜಿನಿಂದ ತೆಗೆದಾಗ ಕೂತ ನೀರಿನಲ್ಲಿ ಸಕ್ಕರೆ ಕರಗಿ ಆರಿದ್ದು. ಎರಡೂ ಕೆಟ್ಟಿದ್ದಲ್ಲ, ತಿನ್ನಲು ಸೊಗಸಿಲ್ಲ ಅಷ್ಟೆ. ಬಿಸಿ ಹಾಲಿಗೆ ಹಾಕಿ ಕುಡಿಯಿರಿ.

ತರುವ ಕ್ರಮ ಹೀಗೆ: ಚಾಕೊಲೇಟನ್ನು ಕಡೆಯ ದಿನ ಹೊರಡುವಾಗ ಕೊಳ್ಳಿ. ಗಾಳಿಯಾಡದ ಡಬ್ಬಕ್ಕೆ ತುಂಬಿ, ದಿನಪತ್ರಿಕೆಯಲ್ಲಿ ಸುತ್ತಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಐಸ್ ಪ್ಯಾಕನ್ನು ಪಕ್ಕಕ್ಕೆ ಇಡಿ. ನೇರ ತಾಗಬಾರದು. ಪೆಟ್ಟಿಗೆ ಎಸಿ ಇರುವ ಸೀಟಿನ ಕೆಳಗಿರಲಿ, ಡಿಕ್ಕಿಯಲ್ಲಿ ಬೇಡ. ಮನೆಯಲ್ಲಿ ಫ್ರಿಜ್ಜಿಗಿಟ್ಟರೆ, ಹೊರ ತೆಗೆದ ಡಬ್ಬವನ್ನು ಅರ್ಧ ಗಂಟೆ ಮುಚ್ಚಿಯೇ ಬಿಟ್ಟು ಆಮೇಲೆ ತೆರೆಯಿರಿ. ಬಿಸಿಲು ತಪ್ಪಿಸಲು ರಾತ್ರಿ ಹೊರಡುವ ಉಪಾಯ ಮಾಡಬೇಡಿ: ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಖಾಸಗಿ ವಾಹನ ಬಿಡುವುದಿಲ್ಲ. ಬೆಳಗ್ಗೆ ಆರಕ್ಕೆ ಗೇಟಿನ ಮುಂದಿದ್ದರೆ ಬಿಸಿಲೇರುವ ಮುನ್ನ ಮೈಸೂರು ದಾಟಬಹುದು.

ಪ್ರಶ್ನೆ: ರಜೆಗೆ ದೆಹಲಿಯಿಂದ ನೆಂಟರು ಬಂದಿದ್ದಾರೆ. ತಿಪಟೂರು ಉಂಡೆ ಕೊಬ್ಬರಿ ಕೊಡಿಸಿ ಕಳಿಸೋಣ ಎಂದರೆ ವಿಮಾನದಲ್ಲಿ ಬಿಡುವುದಿಲ್ಲ ಎನ್ನುತ್ತಾರೆ. ತೆಂಗಿನಕಾಯಿಗೂ ಬಾಂಬಿಗೂ ಏನು ಸಂಬಂಧ? (ತಿಪಟೂರು)

ಬಾಂಬಲ್ಲ, ಬೆಂಕಿ. ಕೊಬ್ಬರಿಯ ತೂಕದಲ್ಲಿ ಶೇ 60ಕ್ಕಿಂತ ಹೆಚ್ಚು ಎಣ್ಣೆ. ರಾಶಿ ಬಿದ್ದಾಗ ಆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ತಾನಾಗಿ ಬಿಸಿಯಾಗುತ್ತದೆ. ಸರಕು ಸಾಗಣೆಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಕೊಬ್ಬರಿಗೆ ಯುಎನ್ 1363 ಎಂಬ ಸಂಖ್ಯೆಯೇ ಇದೆ, ವರ್ಗ 4.2, ಅಂದರೆ ತಾನಾಗಿ ಉರಿಯುವ ಗುಣದ್ದು. ಕೈಚೀಲಕ್ಕೂ ಬೇಡ, ಚೆಕ್-ಇನ್ ಬ್ಯಾಗಿಗೂ ಬೇಡ. ಹೋಳು ಮಾಡಿಟ್ಟರೂ ಎಕ್ಸ್‌ರೇ ನೋಡುವವರು ಬ್ಯಾಗ್ ಬಿಚ್ಚಿಸುತ್ತಾರೆ, ಕಳೆದುಕೊಳ್ಳುವುದು ನಿಮ್ಮ ಕೊಬ್ಬರಿ ಮತ್ತು ಅರ್ಧ ಗಂಟೆ.

ಅವರು ರೈಲಿನಲ್ಲಿ ಹೋಗುವುದಾದರೆ ಧಾರಾಳ ಕೊಡಿಸಿ. ಕೊಳ್ಳುವಾಗ ಒಂದೊಂದನ್ನೂ ಎತ್ತಿ ನೋಡಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇದ್ದು ನೀರೆಲ್ಲ ಇಂಗಿದ ಕಾಯಿಯಿಂದ ಉಂಡೆ ಇಡಿಯಾಗಿ ಬಿಟ್ಟುಬರುತ್ತದೆ. ಹಸಿ ಉಳಿದದ್ದು ಒತ್ತಿದರೆ ಮೆದುವಾಗಿರುತ್ತದೆ, ಹದಿನೈದು ದಿನದಲ್ಲಿ ಒಳಗೆ ಬೂಷ್ಟು. ಒಂದನ್ನು ಒಡೆಸಿ ನೋಡಲು ನಾಚಿಕೆ ಬೇಡ: ಒಳಗೆ ಬೆಳ್ಳಗಿರಬೇಕು, ಕಮಟು ವಾಸನೆ ಇರಬಾರದು. ಉಂಡೆಗಳನ್ನು ಬಟ್ಟೆ ಚೀಲದಲ್ಲಿ ಕಟ್ಟಿ, ಪ್ಲಾಸ್ಟಿಕ್‌ನಲ್ಲಿ ಬೆವರುತ್ತವೆ. ವಿಮಾನವೇ ಗತಿ ಎಂದಾದರೆ ಕೊಬ್ಬರಿ ಮಿಠಾಯಿ ಕೊಟ್ಟು ಕಳಿಸಿ.

ಪ್ರಶ್ನೆ: ಕೊಡಗಿನಿಂದ ತಂದ ಜೇನು ಎರಡೇ ತಿಂಗಳಲ್ಲಿ ಸಕ್ಕರೆಯಂತೆ ಗಟ್ಟಿಯಾಗಿದೆ. ನೀರಿಗೆ ಹಾಕಿದರೆ ಕೆಳಗೆ ಕೂರುತ್ತದೆ. ಇದು ಅಸಲಿಯೋ ನಕಲಿಯೋ? (ತುಮಕೂರು)

ಗಟ್ಟಿಯಾದದ್ದು ನಕಲಿಯ ಗುರುತಲ್ಲ. ಗ್ಲೂಕೋಸ್ ಹೆಚ್ಚಿರುವ ಜೇನು ತಾನಾಗಿ ಹರಳುಗಟ್ಟುತ್ತದೆ, ಫ್ರಿಜ್ಜಿನಲ್ಲಿಟ್ಟಿದ್ದರಂತೂ ಬೇಗ. ಬಾಟಲಿಯನ್ನು ಕೈ ತಾಳುವಷ್ಟು, ಸುಮಾರು 40 ಡಿಗ್ರಿಯ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದರೆ ಕರಗುತ್ತದೆ. ಒಲೆಯ ಮೇಲೆ ಕುದಿಸಿದರೆ ಪರಿಮಳವೂ ಹೋಯಿತು, ಬಣ್ಣವೂ ಕಪ್ಪಾಯಿತು. ನೀರಿಗೆ ಬಿಡುವುದು, ಬತ್ತಿ ಅದ್ದಿ ಹಚ್ಚುವುದು ಮುಂತಾದ ಮನೆಪರೀಕ್ಷೆಗಳನ್ನು ನಾವು ನಂಬುವುದಿಲ್ಲ, ಗಟ್ಟಿ ಸಕ್ಕರೆ ಪಾಕವೂ ಅವುಗಳಲ್ಲಿ ಪಾಸಾಗುತ್ತದೆ. ಅಂಗಡಿಯಲ್ಲಿ ನೋಡಬೇಕಾದ್ದು ತೆಳುವು ಮತ್ತು ನೊರೆ. ಜೇನಿನಲ್ಲಿ ತೇವ ಶೇ 20 ಮೀರಬಾರದು. ಮೀರಿದರೆ ಹುಳಿ ಹಿಡಿದು, ಮುಚ್ಚಳ ತೆಗೆದಾಗ ಬುಸ್ ಎಂದು ನೊರೆ ಬರುತ್ತದೆ. ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ಸಂಖ್ಯೆ ಇಲ್ಲದ ಬಾಟಲಿಯನ್ನು ಎತ್ತಬೇಡಿ. ಒಂದು ವರ್ಷ ತುಂಬದ ಕೂಸಿಗೆ ಎಷ್ಟೇ ಅಸಲಿಯಾದರೂ ಜೇನು ನೆಕ್ಕಿಸಬಾರದು, ಬೊಟ್ಯುಲಿಸಂ ಎಂಬ ಗಂಭೀರ ಕಾಯಿಲೆಯ ಅಪಾಯವಿದೆ.

ಪ್ರಶ್ನೆ: ಗೋವಾದ ಅಂಗಡಿಯೊಂದರಲ್ಲಿ ಆಲಿವ್ ಎಣ್ಣೆ, ಟ್ರಫಲ್ (ನೆಲದಡಿ ಬೆಳೆಯುವ ಒಂದು ಬಗೆಯ ಅಣಬೆ) ಎಣ್ಣೆ ನೋಡಿದೆವು. ಕಡು ಹಸಿರಿನದು ಉತ್ತಮ ಎಂದರು. ಹೌದೇ? (ಶಿರಾ)

ಬಣ್ಣಕ್ಕೂ ಗುಣಕ್ಕೂ ಸಂಬಂಧವಿಲ್ಲ. ರುಚಿ ಪರೀಕ್ಷಕರು ಬಣ್ಣ ಕಾಣದಿರಲೆಂದೇ ನೀಲಿ ಗಾಜಿನ ಲೋಟ ಬಳಸುತ್ತಾರೆ. ‘ಎಕ್ಸ್‌ಟ್ರಾ ವರ್ಜಿನ್’ ಎನ್ನಲು ಆಮ್ಲೀಯತೆ ಶೇ 0.8 ಮೀರಬಾರದು. ಕಡು ಬಣ್ಣದ ಬಾಟಲಿ, ಕೊಯ್ಲಿನ ವರ್ಷ, ಗಂಟಲಲ್ಲಿ ಸಣ್ಣ ಖಾರ, ಇವನ್ನು ನೋಡಿ. ಬಿಸಿಲಿಗೆ ಮುಖ ಮಾಡಿದ ಕಪಾಟಿನ ಬಾಟಲಿ ಬೇಡ. ‘ಪೊಮೇಸ್’ ಎಂದಿದ್ದರೆ ಅದು ಹಿಂಡಿಯಿಂದ ದ್ರಾವಕ ಹಾಕಿ ತೆಗೆದದ್ದು. ಕೋಸಂಬರಿಗೆ ಕಾಲು ಲೀಟರ್ ತನ್ನಿ ಸಾಕು, ಒಗ್ಗರಣೆಗೆ ನಿಮ್ಮ ಕಡೆಯ ಗಾಣದ ಕಡಲೆಕಾಯಿ ಎಣ್ಣೆಯ ಮುಂದೆ ಅದೇನೂ ಹೆಚ್ಚಿಲ್ಲ. ಟ್ರಫಲ್ ಎಣ್ಣೆಯ ಘಮ ಬಹುತೇಕ ಬಾಟಲಿಗಳಲ್ಲಿ ಪ್ರಯೋಗಾಲಯದಲ್ಲಿ ಮಾಡಿದ ರಾಸಾಯನಿಕದ್ದು. ಪದಾರ್ಥಗಳ ಪಟ್ಟಿಯಲ್ಲಿ ‘ಫ್ಲೇವರ್’ ಎಂದಷ್ಟೇ ಇದ್ದರೆ ಮರಳಿ ಕಪಾಟಿನಲ್ಲಿಡಿ.