ಅಮ್ಮ ಕಟ್ಟಿದ ಬೀಡಿ, ಅಜ್ಜಿಯ ಪುಸ್ತಕ

ಕೇರಳದಲ್ಲಿ ಹೆಂಗಸರೆಲ್ಲ ಓದಿದವರು, ಅಲ್ಲಿ ಬಡತನ ಎಲ್ಲಿ ಅಂತ ಕೆಲವರು ಕೇಳುತ್ತಾರೆ. ನಾನು ಕಾಸರಗೋಡಿನವಳು. ನಮ್ಮ ಮನೆಯ ಜಗಲಿಯಿಂದಲೇ ಶುರು ಮಾಡುತ್ತೇನೆ.

ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದಳು. ಮಂಜೇಶ್ವರ, ಕುಂಬಳೆ ಕಡೆ ಇಂಥ ಮನೆಗಳು ಎಷ್ಟೋ ಇವೆ. ಎಲೆ, ಹೊಗೆಸೊಪ್ಪಿನ ಪುಡಿ, ನೂಲು ಬೀಡಿ ಕಂಪನಿಯ ಬ್ರಾಂಚಿನಿಂದ ತರಬೇಕು. ಎಲೆ ನೆನೆಹಾಕಿ, ಅಳತೆಯ ತಗಡು ಇಟ್ಟು ಕತ್ತರಿಸಬೇಕು. ಆಮೇಲೆ ಮೊರವನ್ನು ಮಡಿಲಲ್ಲಿಟ್ಟು ಪುಡಿ ಹಾಕಿ ಸುರುಟುವುದು, ತುದಿ ಮಡಚುವುದು, ನೂಲು ಸುತ್ತುವುದು. ಕೂಲಿ 1000 ಬೀಡಿಗೆ ಇಷ್ಟು ಅಂತ. ಅಡುಗೆ, ದನ, ಮಕ್ಕಳ ನಡುವೆ ಅಷ್ಟು ಕಟ್ಟಲು ಅಮ್ಮನಿಗೆ ಒಂದು ದಿನ ಸಾಲುತ್ತಿರಲಿಲ್ಲ. ಶಾಲೆಯಿಂದ ಬಂದ ನಾವು ತುದಿ ಮಡಚಿ ಕೊಡುತ್ತಿದ್ದೆವು. ಬ್ರಾಂಚಿನಲ್ಲಿ ಒಂದು ಹಿಡಿ ಬೀಡಿ ಸರಿಯಿಲ್ಲ ಅಂತ ಪಕ್ಕಕ್ಕೆ ಹಾಕಿದರೆ ಅದಕ್ಕೆ ಕಾಸಿಲ್ಲ. ಅವರೇ ಕೊಟ್ಟ ಎಲೆ ತೂತಾಗಿದ್ದರೂ ನಷ್ಟ ಅಮ್ಮನದೇ.

ಮನೆಯಲ್ಲಿ ಕೂತು ಬೀಡಿ ಕಟ್ಟುವವಳೂ ಕಾರ್ಮಿಕಳೇ, 1966ರ ಬೀಡಿ ಕಾರ್ಮಿಕರ ಕಾಯ್ದೆ ಹಾಗೇ ಹೇಳಿತ್ತು. ಆದರೆ ಹೆಸರು ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಇರಬೇಕಲ್ವಾ? ಅಮ್ಮ ಹತ್ತು ವರ್ಷ ಕಟ್ಟಿದ್ದು ಅಜ್ಜಿಯ ಹೆಸರಿನ ಪುಸ್ತಕದಲ್ಲಿ. ಆ ಹತ್ತು ವರ್ಷದ ಪಿ.ಎಫ್., ಅಂದರೆ ಭವಿಷ್ಯನಿಧಿ, ಅವಳಿಗೆ ಇಲ್ಲ. ನನಗೆ ಇವತ್ತಿಗೂ ನುಂಗಲಾಗದ ಮಾತು ಇದು.

ಈಗ ಎಲೆ ಸಿಗುವುದೇ ಕಡಿಮೆ. ಕೈ ಹಿಡಿದದ್ದು ತೊಳಿಲುರಪ್ಪು. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಕೆಲಸಕ್ಕೆ ಇಲ್ಲಿ ಕನ್ನಡದವರೂ ಹೀಗೇ ಹೇಳುವುದು. ಆ ಕಾಯ್ದೆಯಲ್ಲಿ ಮನೆಗೆ ವರ್ಷಕ್ಕೆ 100 ದಿನ ಅಂತ ಲೆಕ್ಕ ಇತ್ತು. ಕೇರಳದಲ್ಲಿ ಅದಕ್ಕೆ ಹೋದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಅಡಿಕೆ ತೋಟದಲ್ಲಿ ಗಂಡಸಿಗೆ ಜಾಸ್ತಿ, ಹೆಂಗಸಿಗೆ ಕಡಿಮೆ. ತೊಳಿಲುರಪ್ಪಿನಲ್ಲಿ ಇಬ್ಬರಿಗೂ ಒಂದೇ ಕೂಲಿ. ಅಮ್ಮನ ಹೆಸರಿನಲ್ಲಿ ಬ್ಯಾಂಕ್ ಖಾತೆ ಆದದ್ದು ಆಗಲೇ. ಮೊದಲ ಸಲ ದುಡ್ಡು ಬಂದ ದಿನ ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು.

1998ರಲ್ಲಿ ಶುರುವಾದ ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಸಂಘಗಳಿಂದಲೂ ಉಪಕಾರ ಆಗಿದೆ. ಆಡು, ಹೊಲಿಗೆ ಮೆಷಿನ್ ತೆಗೆದುಕೊಳ್ಳಲು ಬಡ್ಡಿಯವರ ಬಾಗಿಲಿಗೆ ಹೋಗಬೇಕಾಗಿಲ್ಲ.

ತೊಡಕು ಬರುವುದು ಕಾಗದದಲ್ಲಿ. ಅಮ್ಮ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸ್ ಓದಿದವಳು. ಮಲಯಾಳ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಕನ್ನಡದವರು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು ಅಂತ ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯಲ್ಲೇ ಇದೆ. ಆದರೂ ಕಳೆದ ಸಲ ಒಂದು ಕಚೇರಿಯಲ್ಲಿ ಕನ್ನಡದ ಫಾರಂ ಕೇಳಿದ್ದಕ್ಕೆ ಮುಗಿದಿದೆ, ಇನ್ನೊಂದು ದಿನ ಬನ್ನಿ ಅಂದರು. ಇನ್ನೊಂದು ದಿನ ಅಂದರೆ ಇನ್ನೊಂದು ದಿನದ ಕೂಲಿ. ಕೊನೆಗೆ ಪಕ್ಕದ ಮನೆಯ ಹುಡುಗಿ ಕಾಲೇಜಿಗೆ ರಜೆ ಹಾಕಿ ಜೊತೆಗೆ ಹೋದಳು. ಮಲಯಾಳದ ಫಾರಂನ ಒಂದೊಂದು ಸಾಲನ್ನೂ ಓದಿ ಹೇಳಿ ತುಂಬಿಸಿದಳು. ಹೆಸರಿನ ಜಾಗದಲ್ಲಿ ಯಾರ ಹೆಸರು ಬರೆದೆ ಅಂತ ಅಮ್ಮ ಅವಳ ಹತ್ತಿರ ಎರಡು ಸಲ ಕೇಳಿದಳಂತೆ.