ಚಿತ್ರವನ್ನೂ ಸಂಗೀತವನ್ನೂ ಒಟ್ಟಿಗೆ ನಡೆಸಿಕೊಂಡು ಹೋಗುವುದು ಹೇಗೆ? ಎರಡರಲ್ಲೂ ಹಳೆಯ ಕಾಲವೇ ಬರುತ್ತಿದ್ದರೆ ಅದು ತಪ್ಪೇ?

ನೀವು ಕೇಳಿರುವುದು ಮುಖ್ಯವಾಗಿ ಮೂರು ಸಂಗತಿ. ಚಿತ್ರ, ಸಂಗೀತ ಎರಡರಲ್ಲಿ ಒಂದನ್ನು ಬಿಡಬೇಕೇ? ಬಿಡದಿದ್ದರೆ ಹೊತ್ತು ಹೊಂದಿಸುವುದು ಹೇಗೆ? ಎರಡರಲ್ಲೂ ಎಂಬತ್ತು ತೊಂಬತ್ತರ ದಶಕವೇ ತುಂಬಿಕೊಂಡು, ಗೆಳೆಯರು 'ಇವನಿಗೆ ಹಳಹಳಿಕೆ ಬಿಟ್ಟರೆ ಬೇರೇನೂ ಗೊತ್ತಿಲ್ಲ' ಎಂದು ಆಡಿಕೊಳ್ಳುತ್ತಿದ್ದಾರೆ, ಏನು ಮಾಡಬೇಕು? ಉತ್ತರಿಸುತ್ತಿರುವ ನಾನೂ ಜಲವರ್ಣದಲ್ಲಿ ಚಿತ್ರ ಬರೆಯುತ್ತೇನೆ, ವೀಣೆ ನುಡಿಸುತ್ತೇನೆ, ಒಂದಷ್ಟು ಕವಿತೆಗಳಿಗೆ ರಾಗ ಹಾಕಿದ್ದೇನೆ. ಹೊಟ್ಟೆಪಾಡಿಗೆ ಪುಸ್ತಕಗಳ ಮುಖಪುಟ ಮಾಡುತ್ತೇನೆ. ಎರಡರಲ್ಲೂ ದೊಡ್ಡ ಹೆಸರೇನಿಲ್ಲ, ಆದರೆ ಎರಡೂ ಇನ್ನೂ ಮನೆಯಲ್ಲಿವೆ. ಆ ಒಂದು ಅರ್ಹತೆಯ ಮೇಲೆ ಬರೆಯುತ್ತಿದ್ದೇನೆ.

ಒಂದನ್ನೂ ಬಿಡಬೇಡಿ. ಬಿಡಬೇಕಾದದ್ದು ಸಮಪಾಲು ಎಂಬ ಆಸೆಯನ್ನು. ದಿನಕ್ಕೆ ಒಂದು ಗಂಟೆ ಅದಕ್ಕೆ, ಒಂದು ಗಂಟೆ ಇದಕ್ಕೆ ಎಂದು ಟೈಮ್‌ಟೇಬಲ್ ಹಾಕಿಕೊಂಡವರು ಬಹಳ ದಿನ ಬಾಳಿದ್ದನ್ನು ನಾನು ಕಂಡಿಲ್ಲ. ಎರಡರ ಹಸಿವೂ ಬೇರೆ ಬೇರೆ. ಸಂಗೀತ ಹಾಲು ಕರೆಯುವ ಹಸುವಿದ್ದ ಹಾಗೆ. ಹಸು ಕಟ್ಟಿದವನು ಮದುವೆ ಮನೆಯಿಂದಲೂ ಸಂಜೆಗೆ ಎದ್ದು ಬರಲೇಬೇಕು. ವಾರ ಬಿಟ್ಟು ವೀಣೆ ಎತ್ತಿಕೊಂಡರೆ ಬೆರಳ ತುದಿಯ ಗಟ್ಟಿತನ ಇಳಿದಿರುತ್ತದೆ, ತಂತಿ ಎಳೆದು ಸ್ವರ ತೂಗಿಸುವ ಗಮಕ ಬೇಕಾದ ಸ್ವರಕ್ಕೆ ಕೂದಲೆಳೆ ಮೊದಲೇ ನಿಂತುಬಿಡುತ್ತದೆ. ಚಿತ್ರ ಹಾಗಲ್ಲ. ಎರಡು ತಿಂಗಳು ಕುಂಚ ಮುಟ್ಟದೆ ಹೋದರೂ ಮೊದಲ ಒಂದೆರಡು ಹಾಳೆ ಕೆಡುತ್ತವೆ, ಆಮೇಲೆ ಕೈ ಬರುತ್ತದೆ. ಎಷ್ಟೋ ಸಲ ಬಿಟ್ಟು ಬಂದದ್ದೇ ಒಳ್ಳೆಯದಾಗುತ್ತದೆ, ಯಾಕೆಂದರೆ ಆ ದಿನಗಳಲ್ಲಿ ಕಣ್ಣು ಸುಮ್ಮನೆ ಕೂತಿರುವುದಿಲ್ಲ. ಆದ್ದರಿಂದ ಸಂಗೀತಕ್ಕೆ ದಿನದಲ್ಲಿ ಸಣ್ಣದಾದರೂ ಒಂದು ಹೊತ್ತು, ಚಿತ್ರಕ್ಕೆ ವರ್ಷದಲ್ಲಿ ಕೆಲವು ತಿಂಗಳು. ನನ್ನ ಮಟ್ಟಿಗೆ ಲೆಕ್ಕ ಇಷ್ಟೇ.

ಬೆಂಗಳೂರಿನ ಕ್ಯಾಲೆಂಡರ್ ಇದಕ್ಕೆ ತಾನಾಗಿಯೇ ಒದಗಿಬರುತ್ತದೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ. ದೀಪಾವಳಿ ಕಳೆದ ಮೇಲೆ ಅಲ್ಲಿಯವರೆಗೂ ಮಳೆ ಕಡಿಮೆ, ಬೆಳಕು ಸ್ವಚ್ಛ, ಕಾಗದ ಹದವಾಗಿ ಒಣಗುತ್ತದೆ. ಅದು ಚಿತ್ರದ ಕಾಲ. ಯುಗಾದಿಯ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿ ಕಚೇರಿಗಳು ಶುರು, ಅದು ಕಿವಿಯ ಕಾಲ. ನೀವು ಕರಾವಳಿಯವರು ಎಂದಿದ್ದೀರಿ. ನಿಮಗೆ ಆಯ್ಕೆ ಇನ್ನೂ ಸುಲಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಜಲವರ್ಣದ ಕಾಗದ ಒಣಗುವುದೇ ಇಲ್ಲ, ಪಕ್ಕಕ್ಕಿಟ್ಟರೆ ಬೂಸಲು. ಹಾಡಿ.

ದಿನದೊಳಗಿನ ಕ್ರಮದಲ್ಲಿ ಕೆಲವು ಕೇವಲ ಮೈಕೈಯ ಸಂಗತಿಗಳು. ಇವನ್ನು ಯಾರೂ ಹೇಳುವುದಿಲ್ಲ. ವೀಣೆಯವರು ಎಡಗೈಯ ತೋರುಬೆರಳು, ನಡುಬೆರಳಿಗೆ ಎಣ್ಣೆ ಸವರಿಕೊಳ್ಳುತ್ತಾರೆ, ತಂತಿಯ ಮೇಲೆ ಜಾರಲಿ ಎಂದು. ಚಿತ್ರ ಬರೆಯುವಾಗ ಕಾಗದವನ್ನು ಒತ್ತಿ ಹಿಡಿಯುವುದು ಅದೇ ಎಡಗೈ. ಎಣ್ಣೆ ಬೆರಳು ತಾಗಿದ ಜಾಗ ಕಣ್ಣಿಗೆ ಕಾಣುವುದಿಲ್ಲ. ಆಕಾಶದ ತೆಳು ನೀಲಿ ಬಳಿದಾಗ ಅಲ್ಲಿ ಮಾತ್ರ ಬಣ್ಣ ಹಿಡಿಯದೆ ಬೆರಳಚ್ಚು ಎದ್ದು ನಿಲ್ಲುತ್ತದೆ. ಆದ್ದರಿಂದ ನಸುಕಿನಲ್ಲಿ ವೀಣೆಯ ಸಾಧನೆ, ಆಮೇಲೆ ಸೋಪು ಹಾಕಿ ಕೈ ತೊಳೆದು, ತಿಂಡಿ ತಿಂದು, ಬಿಸಿಲು ಬಂದ ಮೇಲೆ ಚಿತ್ರ. ಟ್ಯೂಬ್‌ಲೈಟಿನ ಕೆಳಗೆ ನೀಲಿ ಹಸಿರುಗಳು ಮೋಸ ಮಾಡುವುದರಿಂದ ಕ್ರಮವನ್ನು ತಿರುಗಿಸುವಂತೆಯೂ ಇಲ್ಲ. ಇನ್ನೊಂದು: ಮೊದಲ ಬಣ್ಣ ಒಣಗುವ ಹೊತ್ತಿನಲ್ಲಿ ವಾದ್ಯ ಎತ್ತಿಕೊಳ್ಳುವುದು ದುರಾಸೆ. ಕೂತರೆ ಎದ್ದೇಳುವುದಿಲ್ಲ, ಒದ್ದೆ ಕುಂಚದಿಂದ ಅಂಚು ಮೆತ್ತಗೆ ಮಾಡುವ ಗಳಿಗೆ ಅಷ್ಟರಲ್ಲಿ ಹೋಗಿರುತ್ತದೆ. ಆದರೆ ಚಿತ್ರ ಬರೆಯುವವರ ಬಾಯಿ ಖಾಲಿಯೇ ತಾನೆ. ನನ್ನ ರಾಗಸಂಯೋಜನೆಯೆಲ್ಲ ಆಗುವುದು ಈಸೆಲ್ ಮುಂದೆಯೇ, ಪಕ್ಕದಲ್ಲಿ ಮೊಬೈಲ್ ರೆಕಾರ್ಡಿಂಗಿಗೆ ಇಟ್ಟುಕೊಂಡು. (ಕಾರಿನಲ್ಲಿ ವೀಣೆ ಬಿಟ್ಟು ಸ್ಥಳಚಿತ್ರ ಬರೆಯಲು ಹೋಗುವ ಆಲೋಚನೆ ಇದ್ದರೆ ಬೇಡ. ವೀಣೆಯ ಮೆಟ್ಟಿಲುಗಳು, ಅಂದರೆ ತಂತಿ ಒತ್ತುವ ಲೋಹದ ಪಟ್ಟಿಗಳು, ನಿಂತಿರುವುದು ಮೇಣದ ಮೇಲೆ, ಬಿಸಿಲಿಗೆ ಅದು ಕರಗುತ್ತದೆ.)

ಈಗ ಕೆ. ವೆಂಕಟಪ್ಪನವರ ವಿಷಯ. ನಿಮ್ಮ ಪ್ರಶ್ನೆ ಓದಿದಾಗ ಮೊದಲು ಬಂದ ಹೆಸರು ಅದೇ. ಮೈಸೂರಿನ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದವರು. ನಾಲ್ವಡಿ ಕೃಷ್ಣರಾಜ ಒಡೆಯರು ಕಲ್ಕತ್ತೆಗೆ ಕಳಿಸಿದರು, ಅಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತರು. ಚಿತ್ರಕಾರನೆಂದು ಹೆಸರು ಮಾಡಿ ಊರಿಗೆ ಬಂದ ಮನುಷ್ಯ, ಬಂದ ಮೇಲೆ ಮೈಸೂರಿನ ಹೆಸರಾಂತ ವೈಣಿಕ ವೀಣೆ ಶೇಷಣ್ಣನವರ ಶಿಷ್ಯನಾದರು. ಹುಚ್ಚು ಎಷ್ಟಿತ್ತೆಂದರೆ ಕುಂಚ ಬದಿಗಿಟ್ಟು ವೀಣೆಗೇ ಬಿದ್ದುಬಿಟ್ಟರು, ತಮ್ಮ ಆ ಮರುಳನ್ನೇ ಒಂದು ಚಿತ್ರಕ್ಕೆ ವಸ್ತು ಮಾಡಿದರು. ಊಟಿ, ಕೊಡೈಕೆನಾಲುಗಳ ಜಲವರ್ಣಗಳನ್ನು ಬರೆದದ್ದೂ ಇದೇ ಕೈ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನದೇ ಗ್ಯಾಲರಿ ಇದೆ. ಆ ಮಂಜಿನ ಬೆಟ್ಟಗಳ ಮುಂದೆ ನಿಂತರೆ ನನಗೆ ಪ್ರತಿಸಲ ಅನ್ನಿಸುವುದು, ಇದು ವಿಳಂಬ ಕಾಲದ ಆಲಾಪನೆ ಕೇಳಿದವನ ಕೆಲಸ ಎಂದು. ಬಣ್ಣ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲೂ ಆತುರವಿಲ್ಲ. ಸಾಬೀತು ಮಾಡಲು ಬರುವುದಿಲ್ಲ, ನನ್ನ ಕಣ್ಣಿಗೆ ಹಾಗೆ ಕಾಣುತ್ತದೆ.

ವೆಂಕಟಪ್ಪನವರನ್ನು ಮಾದರಿಯಾಗಿ ತೆಗೆದುಕೊಳ್ಳಿ ಎಂದು ಹೇಳುತ್ತಿಲ್ಲ. ಮದುವೆಯಾಗಲಿಲ್ಲ, ಒಬ್ಬಂಟಿಯಾಗಿ ಬದುಕಿದರು, ಅರಮನೆಯ ಕೆಲಸದ ವಿಚಾರ ಕೋರ್ಟಿನವರೆಗೂ ಹೋಯಿತು. ನಾವು ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬಂದು ಕುಂಚ ಹಿಡಿಯುವವರು. ಅವರಿಂದ ನಾನು ತೆಗೆದುಕೊಂಡದ್ದು ಒಂದೇ: ಒಂದು ಕಲೆಗೆ ಬೀಳುವಾಗ ಇನ್ನೊಂದಕ್ಕೆ ದ್ರೋಹವಾಯಿತು ಎಂದು ಕೊರಗಬೇಕಿಲ್ಲ. ಅದು ಒಳಗೇ ಇರುತ್ತದೆ, ಬೇರೆ ವೇಷದಲ್ಲಿ ಹೊರಬರುತ್ತದೆ. ಚಿತ್ರಕಾರ ಕೆ. ಕೆ. ಹೆಬ್ಬಾರರು ಚಿತ್ರದ ಲಯಕ್ಕಾಗಿ ಕಥಕ್ ನೃತ್ಯ ಕಲಿತವರು. ಅವರ ರೇಖಾಚಿತ್ರಗಳಲ್ಲಿ ಗೆರೆ ಎಲ್ಲಿ ತಿರುಗಬೇಕೋ ಅಲ್ಲಿ ತಾಳಕ್ಕೆ ಸರಿಯಾಗಿ ತಿರುಗುತ್ತದೆ.

ಮೂರನೆಯ ಪ್ರಶ್ನೆಯೇ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಅನ್ನಿಸಿತು. ಹಳಹಳಿಕೆ ತಪ್ಪಲ್ಲ. ಆದರೆ ಒಂದೇ ನೆನಪನ್ನು ಎರಡೂ ಕಲೆಗಳಿಂದ ಹೊರಿಸಿದರೆ ಎರಡೂ ಸೊರಗುತ್ತವೆ. ಅಜ್ಜಿಯ ಮನೆಯ ಜಗಲಿಯ ಚಿತ್ರ, ಅಜ್ಜಿಯ ಮನೆಯ ಜಗಲಿಯ ಹಾಡು, ಎರಡನ್ನೂ ಸೇರಿಸಿ ಒಂದು ರೀಲ್. ನೋಡುವವರು ಲೈಕ್ ಒತ್ತುತ್ತಾರೆ, ಮುಂದೆ ಹೋಗುತ್ತಾರೆ. ಹಾಡು ಹೇಳಿದ್ದನ್ನೇ ಚಿತ್ರವೂ ಹೇಳುವುದಾದರೆ ಅಲ್ಲಿ ಒಂದು ಹೆಚ್ಚುವರಿ.

ಕ್ಯಾಸೆಟ್ಟನ್ನೇ ತೆಗೆದುಕೊಳ್ಳಿ, ನೀವೂ ಅದರ ಹೆಸರು ಎತ್ತಿದ್ದೀರಿ. ಕ್ಯಾಸೆಟ್ಟಿನ ಹಲ್ಲಿಗೆ ಪೆನ್ಸಿಲ್ ತೂರಿಸಿದ ಚಿತ್ರ ದಯವಿಟ್ಟು ಇನ್ನು ಸಾಕು, ಟೀಶರ್ಟಿನ ಮೇಲೂ ಬಂದಾಯಿತು. ಅದೇ ವಸ್ತುವಿನಲ್ಲಿ ಕಣ್ಣಿನ ನೆನಪು ಬೇರೆ, ಕಿವಿಯ ನೆನಪು ಬೇರೆ. ನಮ್ಮ ಮನೆಯ ಟೇಪ್‌ರೆಕಾರ್ಡರಿನ ಬ್ಯಾಟರಿ ಇಳಿದಾಗ ಟೇಪು ನಿಧಾನವಾಗಿ, ಹಾಡಿನ ಶ್ರುತಿಯೂ ಇಳಿಯುತ್ತಿತ್ತು. ಹೊಸ ಬ್ಯಾಟರಿ ಬರುವುದು ತಿಂಗಳ ಮೊದಲ ವಾರದಲ್ಲಿ. ಹಾಗಾಗಿ ಕೆಲವು ಭಾವಗೀತೆಗಳು ನನ್ನ ತಲೆಯಲ್ಲಿ ಇವತ್ತಿಗೂ ಅರ್ಧ ಸ್ವರ ಕೆಳಗೇ ಕೂತಿವೆ. ಮೂಲ ಶ್ರುತಿಯಲ್ಲಿ ಕೇಳಿದರೆ ಗಾಯಕರು ಯಾಕೋ ಅವಸರದಲ್ಲಿದ್ದಾರೆ ಅನ್ನಿಸುತ್ತದೆ. ರೇಡಿಯೋದಿಂದ ಧ್ವನಿಮುದ್ರಿಸಿಕೊಂಡ ಹಾಡುಗಳದ್ದು ಇನ್ನೊಂದು ಕಥೆ. ಗುಂಡಿ ಒತ್ತುವಷ್ಟರಲ್ಲಿ ಪಲ್ಲವಿಯ ಮೊದಲ ಪದ ಹೋಗಿರುತ್ತಿತ್ತು, ಕೊನೆಯಲ್ಲಿ ಉದ್ಘೋಷಕಿಯ ಅರ್ಧ ಮಾತು ಸಿಕ್ಕಿಕೊಂಡಿರುತ್ತಿತ್ತು. ಇದನ್ನು ಚಿತ್ರದಲ್ಲಿ ಹೇಗೆ ಬರೆಯುತ್ತೀರಿ? ಬರುವುದಿಲ್ಲ. ಆದರೆ ಪಲ್ಲವಿಯನ್ನು ನಡುವಿನಿಂದ ಎತ್ತಿಕೊಳ್ಳುವ ಒಂದು ಹಾಡು ಮಾಡಬಹುದು, ಎರಡನೆಯ ಸಲ ಬಂದಾಗ ಮಾತ್ರ ಮೊದಲ ಪದ ಕೇಳಿಸುವ ಹಾಗೆ. ಕಣ್ಣಿಗೆ ಸೇರಿದ್ದು ಒಳಗಿನ ಚೀಟಿ: ಅಕ್ಕನ ನೀಲಿ ಶಾಯಿಯ ಅಕ್ಷರ, ಒಂದು ಹಾಡಿನ ಮೇಲೆ ಇನ್ನೊಂದನ್ನು ತುಂಬಿಸಿದಾಗ ಹೊಡೆದು ಹಾಕಿದ ಹೆಸರು, ಅದರ ಪಕ್ಕ ಇನ್ನೊಂದು ಕೈಬರಹ. ಅದು ಚಿತ್ರ. ಒಂದು ನೆನಪು ಬಂದಾಗ ಅದು ಕಣ್ಣಿನದೋ ಕಿವಿಯದೋ ಎಂದು ಮೊದಲು ಕೇಳಿ. ಕೇಳಿದ ಮೇಲೆ ಯಾವ ಕೋಣೆಗೆ ಹೋಗಬೇಕು ಎಂಬ ಗೊಂದಲ ಉಳಿಯುವುದಿಲ್ಲ. ಸಮತೋಲನದ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಒಂದು ಕಲೆಗೆ ಹಳಹಳಿಕೆಯನ್ನು ಪೂರ್ತಿ ಬಿಟ್ಟುಕೊಟ್ಟು ಇನ್ನೊಂದನ್ನು ಅದರಿಂದ ಬಿಡಿಸಿಕೊಳ್ಳುವ ದಾರಿಯೂ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಬೆಳೆದ ಚಿತ್ರಕಾರ ಪೌಲ್ ಕ್ಲೇ (1879–1940) ಹೀಗೆ ಮಾಡಿದ. ತಂದೆ ಸಂಗೀತ ಶಿಕ್ಷಕ, ತಾಯಿ ಗಾಯಕಿ, ಇವನು ಬರ್ನ್ ನಗರದ ವಾದ್ಯವೃಂದದಲ್ಲಿ ನುಡಿಸುವಷ್ಟು ಒಳ್ಳೆಯ ಪಿಟೀಲುಗಾರ. ಅವನ ಮನಸ್ಸು ನೆಟ್ಟದ್ದು ಬಾಖ್, ಮೊಜಾರ್ಟರ ಹದಿನೆಂಟನೆಯ ಶತಮಾನದಲ್ಲಿ. ತನ್ನ ಕಾಲದ ಹೊಸ ಸಂಗೀತದತ್ತ ಅಷ್ಟು ಒಲವಿರಲಿಲ್ಲ. ಚಿತ್ರದಲ್ಲಿ ಮಾತ್ರ ಅದುವರೆಗೆ ಯಾರೂ ಮಾಡದ್ದನ್ನು ಮಾಡಿದ. ಹಿಂದಕ್ಕೆ ಹೋಗುವ ಆಸೆಯೆಲ್ಲ ಪಿಟೀಲಿನಲ್ಲಿ ತೀರಿದ್ದರಿಂದ ಕುಂಚ ಹಗುರಾಯಿತು ಎಂದು ನಾನು ಓದಿಕೊಳ್ಳುತ್ತೇನೆ. ಹಾಗೆಯೇ ಇನ್ನೊಂದು ಸಂಗತಿ: ಎಷ್ಟೋ ವರ್ಷ ಹೆಂಡತಿ ಲಿಲಿ ಪಿಯಾನೋ ಪಾಠ ಹೇಳಿ ಮನೆ ನಡೆಸಿದಳು, ಕ್ಲೇ ಅಡುಗೆ ಮಾಡಿಕೊಂಡು ಮಗನನ್ನು ನೋಡಿಕೊಂಡ. ಎರಡು ಕಲೆಗಳ ಸಮತೋಲನದ ಕಥೆಗಳಲ್ಲಿ ಈ ಮೂರನೆಯ ದುಡಿಮೆ ಹೆಚ್ಚಾಗಿ ಬಿಟ್ಟುಹೋಗುತ್ತದೆ.

ನೀವು ಹುಟ್ಟುವ ಮೊದಲಿನ ಕಾಲದ ಬಗ್ಗೆಯೂ ನಿಮಗೆ ಹಂಬಲ ಇದೆ ಎಂದಿದ್ದೀರಿ. ಕೈಯಲ್ಲಿ ಬರೆದ ಸಿನಿಮಾ ಕಟೌಟುಗಳು, ವಾಲ್ವ್ ರೇಡಿಯೋ. ಇಲ್ಲಿ ಮಾತ್ರ ನನ್ನದು ಸ್ವಲ್ಪ ನಿಷ್ಠುರ ಮಾತು: ನೆನಪಿಲ್ಲದ್ದನ್ನು ನೆನಪಿನ ಹಾಗೆ ಬರೆಯಬೇಡಿ, ಕೇಳಿ ತಿಳಿದುಕೊಂಡು ಬರೆಯಿರಿ. ವಾಲ್ವ್ ರೇಡಿಯೋ ಗುಂಡಿ ತಿರುಗಿಸಿದ ಕೂಡಲೇ ಹಾಡುತ್ತಿರಲಿಲ್ಲ, ವಾಲ್ವು ಬಿಸಿಯಾಗುವವರೆಗೆ ಸುಮ್ಮನಿದ್ದು ಆಮೇಲೆ ದನಿ ಮೆಲ್ಲಗೆ ಏರುತ್ತಿತ್ತು. ಕೆಲವು ಮಾದರಿಗಳಲ್ಲಿ ಸ್ಟೇಷನ್ ಸರಿಯಾಗಿ ಸಿಕ್ಕಾಗ ಮ್ಯಾಜಿಕ್ ಐ ಎಂಬ ಪುಟ್ಟ ಹಸಿರು ದೀಪದ ಬೆಳಕು ಕೂಡಿಕೊಳ್ಳುತ್ತಿತ್ತು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಇಂಥ ವಿವರಗಳು ಗೊತ್ತಾದಾಗ ಚಿತ್ರದಿಂದ ಸಕ್ಕರೆಪಾಕ ಇಳಿಯುತ್ತದೆ. ಕಟೌಟು ಬರೆದವರನ್ನು ಹೋಗಿ ಮಾತಾಡಿಸಿ, ಫ್ಲೆಕ್ಸ್ ಬಂದು ಕೆಲಸ ಹೋದವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಕೆಂಪೇಗೌಡ ರಸ್ತೆಯ ಥಿಯೇಟರುಗಳ ಮುಂದಿನ ವೈಭವದ ಬಗ್ಗೆ ನೀವು ಕೇಳಿದರೆ ಅವರು ಹೇಳುವುದು ಬೇರೆಯೇ: ಚೌಕಳಿ ಹಾಕಿ ಸಣ್ಣ ಫೋಟೋವನ್ನು ಹಿಗ್ಗಿಸುವ ಲೆಕ್ಕ, ಸಾರುವೆಯ ಮೇಲಿನ ಭಯ, ಬಾಕಿ ಉಳಿದ ಕೂಲಿ. ಅಂಥದ್ದು ಚಿತ್ರದೊಳಗೆ ಬಂದರೆ ಗೆಳೆಯರು ಆಡಿಕೊಳ್ಳುವುದು ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೂ ಪರವಾಗಿಲ್ಲ.

ಎರಡಕ್ಕೂ ಬೇರೆ ಬೇರೆ ಇನ್‌ಸ್ಟಾಗ್ರಾಂ ಖಾತೆ ಬೇಕೇ ಎಂದೂ ಕೇಳಿದ್ದೀರಿ. ಬೇಡ. ಒಂದೇ ಸಾಕು. ಜನ ಎರಡನ್ನೂ ನೋಡಲಿ, ಯಾರಿಗೆ ಯಾವುದು ಬೇಕೋ ತೆಗೆದುಕೊಳ್ಳಲಿ. ದುಡ್ಡಿನ ವಿಷಯದಲ್ಲಿ ಮಾತ್ರ ಸಮತೋಲನ ನಿರೀಕ್ಷಿಸಬೇಡಿ. ಚಿತ್ರ ಗೋಡೆಗೆ ಹೋಗುವ ವಸ್ತು, ಮಾರಾಟವಾಗುತ್ತದೆ. ಹಾಡನ್ನು ಎಲ್ಲರೂ ಪುಕ್ಕಟೆ ಕೇಳುತ್ತಾರೆ. ನನ್ನ ವೀಣೆಗೆ ಮೇಳ ಕಟ್ಟಿಸುವ, ಅಂದರೆ ಮೇಣದ ಮೇಲೆ ಮೆಟ್ಟಿಲು ಹೊಸದಾಗಿ ಕೂರಿಸುವ, ಖರ್ಚು ಪ್ರತಿಸಲವೂ ಯಾವುದೋ ಚಿತ್ರ ಮಾರಿದ ದುಡ್ಡಿನಿಂದಲೇ ಬಂದಿದೆ. ವೀಣೆ ಇದುವರೆಗೆ ಒಂದು ಟ್ಯೂಬ್ ಬಣ್ಣವನ್ನೂ ಕೊಡಿಸಿಲ್ಲ.